ಮಾರೆನ್ ಕ್ಲಬ್ ಬಿಟ್ಟಳು, ದ್ರೋಹಿ ಯಾರು?

ಎಲ್ಲಿಂದ ಶುರು ಮಾಡಲಿ? ‘ಮಾರೆನ್ ದ್ರೋಹ ಬಗೆದಳು’ ಎಂದು ಶುರು ಮಾಡಿದರೆ ನಮ್ಮೂರು ತಲೆದೂಗುತ್ತದೆ. ಬರೆದೆ, ಹೊಡೆದುಹಾಕಿದೆ. ಹದಿನಾರರ ಹುಡುಗಿ ಒಂದು ವಾಲಿಬಾಲ್ ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹೋದದ್ದಕ್ಕೆ ಅಷ್ಟು ದೊಡ್ಡ ಮಾತು ಯಾಕ್ರೀ?

೧.
ನೆಬ್ರಾಸ್ಕಾದ ನಮ್ಮ ಪುಟ್ಟ ಊರಿನ ಕ್ಲಬ್ಬಿಗೆ ಲೊರೆಟ್ಟಾ ಕೋಚ್. ನಾನು ವಿಲ್ಮಾ, ಪಂದ್ಯಗಳಲ್ಲಿ ಅಂಕ ಬರೆಯುವವಳು. (ಕಥೆ ಬರೆಯುವುದೂ ಉಂಟು. ಅಂಕದಲ್ಲಿ ತಪ್ಪು ಕಡಿಮೆ.) ಮಾರೆನ್ ಒಂಬತ್ತನೇ ವಯಸ್ಸಿಗೆ ಕ್ಲಬ್ಬಿಗೆ ಬಂದಳು. ಅವಳಿಗೆ ಚೆಂಡು ಎತ್ತಿಕೊಡುವುದನ್ನು ಕಲಿಸಿದ್ದು ಲೊರೆಟ್ಟಾನೇ, ಅಲ್ಲ ಅನ್ನುವುದಿಲ್ಲ.

ಆದರೆ ಕಾಲೇಜು ತಂಡಗಳಿಗೆ ಹುಡುಗಿಯರನ್ನು ಆರಿಸುವವರು ನಮ್ಮ ಜಿಮ್ಮಿಗೆ ಕಾಲಿಡುವುದಿಲ್ಲ. ಒಮಾಹಾ ನಗರದ ದೊಡ್ಡ ಕ್ಲಬ್ಬಿನ ಪಂದ್ಯಗಳಿಗೆ ಸಾಲುಗಟ್ಟಿ ಕೂರುತ್ತಾರೆ. ಆ ಕ್ಲಬ್ ಮಾರೆನ್‌ಗೆ ಕರೆ ಕಳಿಸಿತು. ಅವಳು ಕದ್ದು ಹೋಗಲಿಲ್ಲ.

"ಕೋಚ್, ನನಗೆ ಕಾಲೇಜಲ್ಲಿ ಆಡ್ಬೇಕು. ಇಲ್ಲಿದ್ರೆ ಯಾರೂ ನನ್ನ ಆಟ ನೋಡಲ್ಲ."

"ಏಳು ವರ್ಷ ನಾನು ನೋಡಿದ್ದು ಲೆಕ್ಕಕ್ಕಿಲ್ವಾ?"

"ಇದೆ ಕೋಚ್. ಅದಕ್ಕೇ ಮೆಸೇಜ್ ಹಾಕದೆ ಎದುರಿಗೇ ಬಂದೆ."

"ಬಂದ ದಾರಿಗೆ ಸುಂಕ ಇಲ್ಲ. ನಡಿ."

ಮಾರನೇ ದಿನ ಜಿಮ್ಮಿನ ಗೋಡೆಯ ಮೇಲೆ ಮಾರೆನ್ ಇದ್ದ ತಂಡದ ಫೋಟೋ ಮಾಯ. ಗೆಳತಿಯರೆಲ್ಲ ಅವಳನ್ನು ಫೋನಿನಲ್ಲಿ ಬ್ಲಾಕ್ ಮಾಡಿದರು.

೩.
(ಎರಡನೆಯದನ್ನು ಹರಿದೆ. ಅದರಲ್ಲಿ ಲೊರೆಟ್ಟಾಳ ಕಣ್ಣೀರಿತ್ತು. ನಿಜವಾದದ್ದೇ. ಆದರೆ ಓದುಗರೇ, ಅದನ್ನು ನೋಡಿದರೆ ಮುಂದಿನದನ್ನು ನೀವು ಕ್ಷಮಿಸಿಬಿಡುತ್ತೀರಿ.)

ಮಾರ್ಚ್‌ನಲ್ಲಿ ಅಯೋವಾದ ಒಂದು ಕಾಲೇಜಿನ ಕೋಚ್ ಮಾರೆನ್ ಆಟ ಮೆಚ್ಚಿ, ಅವಳ ಸ್ವಭಾವ ಹೇಗೆಂದು ವಿಚಾರಿಸಲು ಲೊರೆಟ್ಟಾಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನೆಟ್ ಮಡಚುತ್ತಿದ್ದೆ.

"ಆಟ ಚೆನ್ನಾಗಿದೆ. ಆದ್ರೆ ಕಷ್ಟ ಬಂದಾಗ ಕೈ ಕೊಡ್ತಾಳೆ," ಎಂದಳು ಲೊರೆಟ್ಟಾ.

ವಾರದೊಳಗೆ ಕಾಲೇಜು ಹಿಂದೆ ಸರಿಯಿತು.

ಕೈ ಕೊಡುತ್ತಾಳಂತೆ! ಹಿಂದಿನ ವರ್ಷ ನಮ್ಮ ತಂಡದ ಜೋಲೀನ್‌ಳ ಮೊಣಕಾಲಿಗೆ ಪೆಟ್ಟಾದಾಗ, ಪಕ್ಕದೂರಿನ ಕ್ಲಬ್ಬಿನಿಂದ ಎತ್ತರದವಳೊಬ್ಬಳನ್ನು ಸೆಳೆದು ತಂದು, ಜೋಲೀನ್‌ಳನ್ನು ಎರಡು ಸಾಲಿನ ಮೆಸೇಜಿನಲ್ಲಿ ಕೈಬಿಟ್ಟವಳು ಇದೇ ಲೊರೆಟ್ಟಾ. ಆಗ ಈ ನಿಷ್ಠೆ ಎಲ್ಲಿ ಮಲಗಿತ್ತು? ಕ್ಲಬ್ ಹುಡುಗಿಯನ್ನು ಬದಲಾಯಿಸಿದರೆ ತಂಡ ಕಟ್ಟಿದಂತೆ, ಹುಡುಗಿ ಕ್ಲಬ್ ಬದಲಾಯಿಸಿದರೆ ದ್ರೋಹ!

ಇಲ್ಲಿಯವರೆಗಿನದನ್ನು ಲೊರೆಟ್ಟಾಗೆ ಓದಲು ಕೊಟ್ಟೆ.

"ನನ್ನನ್ನ ರಾಕ್ಷಸಿ ಮಾಡಿದ್ದೀಯಲ್ಲೇ, ವಿಲ್ಮಾ."

"ನೀನು ಅಂದಿದ್ದನ್ನೇ ಬರ್ದಿದ್ದೀನಿ."

"ನಾನು ಬೆಳೆಸಿದೋರನ್ನೆಲ್ಲ ಒಮಾಹಾದೋರು ಹೀಗೇ ಎತ್ಕೊಂಡು ಹೋದ್ರೆ ಇಲ್ಲಿ ಉಳಿಯೋರು ಯಾರೇ? ಅದನ್ನೂ ಬರಿ. ಆ ಫೋನ್ ಬಂದಾಗ ನೀನು ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೆಯಲ್ಲ, ಅದನ್ನೂ ಬರಿ!"

ಬರೆದಿದ್ದೇನೆ.

ಮುಕ್ತಾಯ, ಒಂದನೇ ಬಗೆ: ನಾನು ಅವತ್ತೇ ಆ ಕಾಲೇಜಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳುತ್ತೇನೆ. ಮಾರೆನ್‌ಗೆ ಜಾಗ ಸಿಗುತ್ತದೆ. (ಚೆಂದ. ಶುದ್ಧ ಸುಳ್ಳು.)

ಇನ್ನೊಂದು ಬಗೆ: ಫೋನ್ ಮಾಡಿದೆ, ಮೂರು ವಾರ ತಡವಾಗಿ. ಜಾಗ ತುಂಬಿಹೋಗಿತ್ತು. ನಡೆದದ್ದು ಇದು. ಹೇಳಲು ಮಾರೆನ್ ಮನೆಗೆ ಹೋದೆ. ಗ್ಯಾರೇಜಿನ ಬಾಗಿಲಿಗೆ ಚೆಂಡು ಹೊಡೆಯುತ್ತಿದ್ದವಳು ಪೂರ್ತಿ ಕೇಳಿಸಿಕೊಂಡಳು.

"ಅವತ್ತೇ ಯಾಕೆ ಮಾತಾಡ್ಲಿಲ್ಲ ನೀವು?"

"ಲೊರೆಟ್ಟಾ ನನ್ನ ಹಳೇ ಸ್ನೇಹಿತೆ ಕಣೇ. ಅದೇ ನಿಷ್ಠೆ ಅಂದ್ಕೊಂಡೆ."

"ನೀವೂ ಅದನ್ನ ನಿಷ್ಠೆ ಅಂತೀರಾ?"

ಇದನ್ನು ಕಥೆಯಾಗಿ ಬರೆಯುತ್ತಿದ್ದೇನೆ ಎಂದಷ್ಟೇ ಹೇಳಿದೆ.

"ಶನಿವಾರ ಕಾನ್ಸಾಸ್‌ನಲ್ಲಿ ಮ್ಯಾಚಿದೆ," ಎಂದಳು. "ನೋಡೋಕೆ ಕಾಲೇಜಿನೋರು ಬರ್ತಾರೋ, ಬರಲ್ವೋ. ನನ್ನ ಪರವಾಗಿ ನೀವು ಮುಕ್ತಾಯ ಬರೀಬೇಡಿ. ಅಷ್ಟು ಮಾಡಿ ಸಾಕು."