ಉಲ್ಟಾ ಹಾಕಿದ ಡಯೋಡ್

ನಮ್ಮ ಮಾವ ಗಂಗಾಧರಯ್ಯನವರು ಮಾತು ಕೊಟ್ಟಿದ್ದರು. ಡಿಪ್ಲೊಮಾ ಮುಗಿಸಿದ ಅವರ ಮಗಳು, ನನ್ನ ನಾದಿನಿ ಧನ್ಯಶ್ರೀ ಮಾಡಿದ ಡಬ್ಬಿ ತೆಂಗಿನ ತೋಟದ ಮೋಟಾರನ್ನು ಸರಿಯಾಗಿ ಹಾಕಿ ಆರಿಸಿದರೆ, ನೊಣವಿನಕೆರೆ ರಸ್ತೆಯ ಖಾಲಿ ಮಳಿಗೆ ಅವಳ ಅಂಗಡಿಗೆ. ಇಲ್ಲದಿದ್ದರೆ ಗೊಬ್ಬರದ ವ್ಯಾಪಾರಿಗೆ ಬಾಡಿಗೆಗೆ. ಡಬ್ಬಿ ಆಗಲೇ ಎರಡು ಸಲ ಕೈಕೊಟ್ಟಿತ್ತು. ಇವತ್ತಿನದೇ ಕೊನೆ.

ಫೋನಿನಿಂದ ಡಬ್ಬಿಯೊಳಗಿನ ಸಿಮ್‌ಗೆ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಚಾಲೂ ಆಗಬೇಕು, ಇನ್ನೊಂದು ಕೊಟ್ಟರೆ ನಿಲ್ಲಬೇಕು. ಒಳಗೆ ಸ್ವಿಚ್ಚನ್ನು ಎಳೆಯುವ ತಂತಿಸುರುಳಿ ಇದೆ, ಅದಕ್ಕೆ ರಿಲೇ ಅನ್ನುತ್ತಾರೆ. ಆ ಸುರುಳಿಗೆ ಕರೆಂಟು ಬಿಡುವುದು, ನಿಲ್ಲಿಸುವುದು ಒಂದು ಪುಟ್ಟ ಟ್ರಾನ್ಸಿಸ್ಟರ್. ಮೋಟಾರ್ ಒಂದು ಸಲ ಚಾಲೂ ಆಗಿ ನಿಲ್ಲುತ್ತಿತ್ತು. ಆಮೇಲೆ ಎಷ್ಟು ಬಡಿದುಕೊಂಡರೂ ಉಸಿರಿಲ್ಲ, ಟ್ರಾನ್ಸಿಸ್ಟರ್ ಸತ್ತಿರುತ್ತಿತ್ತು. ಊರಿನ ಮೋಟಾರ್ ರಿಪೇರಿಯ ರೇಣುಕಪ್ರಸಾದ್ ಪಂಪ್‌ಹೌಸಿನ ಬಾಗಿಲಿಗೆ ಒರಗಿ ಹಲ್ಲು ಕಿರಿಯುತ್ತಿದ್ದ. ಅವನ ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈ ಸಲ ಧನ್ಯಾ ಸುರುಳಿಗೆ ಒಂದು ಡಯೋಡ್ ಸೇರಿಸಿದ್ದಳು. ಅಕ್ಕಿಕಾಳಿಗಿಂತ ಚೂರು ದಪ್ಪ, ಕಪ್ಪು ಮೈ, ಒಂದು ತುದಿಗೆ ಬೆಳ್ಳಿ ಪಟ್ಟಿ.

"ಇದ್ರಲ್ಲಿ ಕರೆಂಟು ಒಂದೇ ಕಡೆಗೆ ಹೋಗೋದು ಅತ್ತಿಗೆ. ಪಟ್ಟಿ ಕಡೆಗೆ ಹೋಗ್ತದೆ, ಪಟ್ಟಿ ಕಡೆಯಿಂದ ಬರಾಕೆ ಬುಡಲ್ಲ."

ರೇಣುಕಪ್ರಸಾದ್ ಬಗ್ಗಿ ನೋಡಿದ. "ಪಟ್ಟಿ ಪ್ಲಸ್ ಕಡೆಗೆ ಹಾಕಿದ್ದೀಯಲ್ಲಮ್ಮ. ಉಲ್ಟಾ ಆಯ್ತು. ಇದ್ರಲ್ಲಿ ಕರೆಂಟೇ ಹೋಗಲ್ಲ."

"ಹೋಗಬಾರ್ದು ಅಂತ್ಲೇ ಹಾಕಿರೋದು ರೇಣುಕಣ್ಣ. ಮೋಟಾರ್ ನಿಂತಾಗ ಪೈಪಲ್ಲಿ ನೀರು ಧಡ್ ಅಂತ ವಾಪಸ್ ಹೊಡೀತದಲ್ಲ, ಹಂಗೇ ಸುರುಳಿ ಆಫ್ ಮಾಡಿದ ತಕ್ಷಣ ಕರೆಂಟು ಒದೀತದೆ. ಆ ಒದೆ ತಿಂದೇ ಟ್ರಾನ್ಸಿಸ್ಟರ್ ಸಾಯ್ತಿತ್ತು. ಈಗ ಆ ಗಳಿಗೇಲಿ ಡಯೋಡ್ ದಾರಿ ಕೊಡ್ತದೆ. ಮಿಕ್ಕ ಹೊತ್ತು ಸುಮ್ನೆ ಇರ್ತದೆ."

"ಸುಮ್ನೆ ಇರೋದನ್ನ ಯಾಕಮ್ಮ ಹಾಕ್ಬೇಕು?"

ಮಾವನಿಗೂ ಅದೇ ಸರಿ ಅನ್ನಿಸಿತು. "ಬೋರ್ ಕೊರೆಸಿದಾಗ್ಲಿಂದ ಅವ್ನೇ ಬತ್ತಾವ್ನೆ. ಅವ್ನು ಹೇಳ್ದಂಗೆ ತಿರುಗ್ಸು."

ಧನ್ಯಾ ಒಪ್ಪದೆ ಕೈ ಕಟ್ಟಿ ನಿಂತಳು. ಕೊನೆಗೆ ರೇಣುಕಪ್ರಸಾದನೇ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಎತ್ತಿಕೊಂಡು ಡಯೋಡನ್ನು ತಿರುಗಿಸಿದ. ಮಾವ ಮಿಸ್ಡ್ ಕಾಲ್ ಕೊಟ್ಟರು. ಮೋಟಾರ್ ಕದಲಲಿಲ್ಲ. ಡಬ್ಬಿ ಚಟ್ ಎಂದು ಹೊಗೆ ಬಿಟ್ಟಿತು.

"ಸುಟ್ಟೋಯ್ತು ನೋಡಿ," ಎಂದ ರೇಣುಕಪ್ರಸಾದ್, ತಾನು ಮುಟ್ಟಿಯೇ ಇಲ್ಲದವನ ಹಾಗೆ. ಮಾವ ಫೋನಿನಲ್ಲಿ ವ್ಯಾಪಾರಿಯ ನಂಬರ್ ಹುಡುಕತೊಡಗಿದರು.

ಧನ್ಯಾ ಅಳುತ್ತಾಳೆ ಅಂದುಕೊಂಡೆ. ನೋಡಿದರೆ ಅವಳ ಮುಖ ಅರಳಿತ್ತು.

"ಅಪ್ಪಾ, ಹಂಗೆ ಹಾಕಿದ್ರೆ ಡಯೋಡು ಕರೆಂಟ್ನೆಲ್ಲ ತನ್ನೊಳಗೇ ಬಿಟ್ಕೊಂಡು ಸುಟ್ಟೋಯ್ತದೆ, ಸುರುಳಿಗೆ ಏನೂ ಉಳಿಯಲ್ಲ. ಈಗ ಕಣ್ಣಾರೆ ನೋಡಿದ್ರಲ್ಲ. ನಾನು ಹಾಕಿದ್ದೇ ಸರಿ."

ಡಯೋಡಿನ ಜೊತೆ ಟ್ರಾನ್ಸಿಸ್ಟರೂ ಸುಟ್ಟಿತ್ತು. ಬೇರೆ ಟ್ರಾನ್ಸಿಸ್ಟರ್‌ಗಳು ಕೈತುಂಬ ಇದ್ದವು. ಡಯೋಡ್ ತಂದಿದ್ದು ಅದೊಂದೇ. "ಫೋನ್ ಚಾರ್ಜರ್ ಒಳಗೆ ಇರ್ತದೆ," ಎಂದು ಗೊಣಗಿಕೊಂಡಳು.

ನನ್ನ ಚಾರ್ಜರ್ ಬ್ಯಾಗಿನಲ್ಲೇ ಇತ್ತು, ಹೊಚ್ಚ ಹೊಸದು. ತೆಗೆದು ಕಲ್ಲಿನ ಮೇಲಿಟ್ಟು ಎಳನೀರು ಕೆತ್ತುವ ಮಚ್ಚಿನ ಹಿಂಬದಿಯಿಂದ ಒಂದು ಕೊಟ್ಟೆ.

"ಇದೇನಮ್ಮ ಮಂಗಳಾ," ಎಂದರು ಮಾವ.

"ಸುಮ್ನಿರಿ ಮಾವ. ಒಂದ್ಸಲ ನಿಮ್ಮ ಮಗಳು ಹೇಳ್ದಂಗೆ ನೋಡಿ. ಆಮೇಲೆ ಆ ಗೊಬ್ಬರದೋನಿಗೆ ಮನೆ ಬೇಕಾದ್ರೂ ಬರ್ಕೊಡಿ."

ಚೂರುಗಳ ನಡುವೆ ಬೆಳ್ಳಿ ಪಟ್ಟಿ ಹೊಳೆಯಿತು. ಧನ್ಯಾ ಹೊಸ ಟ್ರಾನ್ಸಿಸ್ಟರ್ ಹಾಕಿ, ಆ ಡಯೋಡನ್ನು ತಾನು ಮೊದಲು ಹಾಕಿದ್ದಂತೆಯೇ ಬೆಸೆದಳು. ಮಿಸ್ಡ್ ಕಾಲ್. ಮೋಟಾರ್ ಗುಂಯ್‌ಗುಟ್ಟಿತು. ಇನ್ನೊಂದು. ಮೋಟಾರ್ ನಿಂತು ಪೈಪು ಧಡ್ ಎಂದಿತು. ಡಬ್ಬಿ ಎರಡು ಸಲವೂ ಸತ್ತದ್ದು ಇಲ್ಲೇ. ಮಾವ ಮೂರನೆಯದನ್ನು ಒತ್ತಿದರು.

ಮೋಟಾರ್ ಮತ್ತೆ ಚಾಲೂ ಆಗಿ ಬುಸ್ಸೆಂದು ನೀರು ತೊಟ್ಟಿಗೆ ಬಿತ್ತು. ನನಗೆ ಕುಣಿಯುವಷ್ಟು ಖುಷಿಯಾಗಿ ಧನ್ಯಾಳ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಮಾವ ಆರಿಸಿದರು, ಹಾಕಿದರು, ಮತ್ತೆ ಆರಿಸಿದರು. ಸಾಕು ಬಿಡಿ ಎಂದರೂ ಕೇಳಲಿಲ್ಲ.

ಅಷ್ಟರಲ್ಲಿ ವ್ಯಾಪಾರಿಯದೇ ಫೋನ್ ಬಂತು. "ಮಳಿಗೆ ಖಾಲಿ ಇಲ್ಲ ಕಣಪ್ಪ," ಎಂದರು ಮಾವ. ಯಾರಿಗೆ ಕೊಟ್ಟಿರಿ ಎಂದು ಅವನು ಕೇಳಿರಬೇಕು. ಡಬ್ಬಿಗೆ ಕಿವಿ ಹಚ್ಚಿ ಕೂತಿದ್ದ ಧನ್ಯಾಳಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಮಾವ ಅವಳನ್ನೇ ನೋಡುತ್ತಾ ಹೇಳಿದರು:

"ನಮ್ಮೂರಲ್ಲಿ ಒಬ್ರು ಇಂಜಿನಿಯರ್ ಅವ್ರೆ. ಅವ್ರಿಗೆ ಕೊಟ್ಬುಟ್ಟೆ."