ಇಪ್ಪತ್ತೆರಡು ಶೀಟುಗಳ ಹೊಣೆಪತ್ರ

ನನ್ನ ಸಹಿ ಬರಬರುತ್ತಾ ಚಿಕ್ಕದಾಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ದಿನಚರಿಯಲ್ಲಿ ಕೂಡ ಪೆನ್ಸಿಲಿನಲ್ಲೇ ಬರೆದಿದ್ದೆ, ಬೇಡವೆನಿಸಿದರೆ ಅಳಿಸಬಹುದಲ್ಲ ಅಂತ. ಓದುವ ಕಾಲಕ್ಕೆ ‘ಮೆಲ್ಪೊ’ ಎಂದು ಅಗಲವಾಗಿ ಬರೆದು ಕೆಳಗೊಂದು ಗೀಟು ಎಳೆಯುತ್ತಿದ್ದೆ. ಕಟ್ಟಡದ ಉಸ್ತುವಾರಿ ತಲೆಗೆ ಬಂದ ಮೇಲೆ ಮೊದಲು ಗೀಟು ಹೋಯಿತು, ಆಮೇಲೆ ಕೊನೆಯ ಅಕ್ಷರ. ಹೊಣೆಪತ್ರದ ಮೇಲೆ ಹಾಕಿದ್ದಂತೂ ಸಹಿಯೋ ನೊಣದ ಹಿಕ್ಕೆಯೋ ತಿಳಿಯುವಂತಿರಲಿಲ್ಲ.

ಉಸ್ತುವಾರಿ ನಾನು ಬಯಸಿದ್ದಲ್ಲ. ಕೆಳಗಿನ ಟಪಾಲು ಪೆಟ್ಟಿಗೆಗಳ ಹತ್ತಿರ ಕಟ್ಟಡದ ಎಲ್ಲ ಮನೆಗಳವರೂ ಸೇರಿದ್ದ ದಿನ ಒಬ್ಬೊಬ್ಬರಿಗೂ ಒಂದೊಂದು ನೆಪ ಇತ್ತು. ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಥ್ರಾಸೋಸ್ ಮಾಮ ನನ್ನತ್ತ ಬೆರಳು ತೋರಿಸಿದರು.

“ಓದಿದ ಹುಡುಗಿ. ಕಾಗದಪತ್ರ ಅಂದ್ರೆ ಇವಳಿಗೆ ನೀರು ಕುಡಿದಷ್ಟು ಸಲೀಸು. ಏನಮ್ಮಾ, ಆಗಲ್ಲ ಅಂತೀಯಾ?”

ಆಗಲ್ಲ ಎನ್ನುವುದಕ್ಕೆ ಮೆತ್ತಗಿನ ಮಾತೊಂದನ್ನು ಹುಡುಕುತ್ತಿದ್ದೆ. ಸಿಗುವಷ್ಟರಲ್ಲಿ ಪುಸ್ತಕದಲ್ಲಿ ನನ್ನ ಹೆಸರು ಬರೆದಾಗಿತ್ತು.

ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಕೋಣೆಯೊಂದಿದೆ. ಅದರ ಸೂರಿಗೆ ಇಪ್ಪತ್ತೆರಡು ಕಲ್ನಾರಿನ ಶೀಟು, ನಮ್ಮ ಭಾಷೆಯಲ್ಲಿ ಅಮೀಯಂತೋಸ್, ತಾತನ ಕಾಲದವು. ಅವನ್ನು ತೆಗೆಸುವುದೇ ನನಗೆ ಬಿದ್ದ ಮೊದಲ ಕೆಲಸ. ತೆಗೆಯುವವರು ಪರವಾನಗಿ ಬಾರದೆ ಏಣಿ ಕೂಡ ಇಡುವುದಿಲ್ಲ. ಪರವಾನಗಿಗೆ ಶೀಟುಗಳ ಸ್ಥಿತಿ ಹೇಳುವ ಹೊಣೆಪತ್ರ ಬೇಕು: ‘ಸುಳ್ಳಾದರೆ ಶಿಕ್ಷೆಯೇನೆಂದು ಬಲ್ಲವಳಾಗಿ, ನನ್ನ ಸ್ವಂತ ಹೊಣೆಯ ಮೇಲೆ ಘೋಷಿಸುತ್ತೇನೆ...’ ನಮ್ಮಲ್ಲಿ ಈ ಸಾಲು ಬರೆಯದೆ ನಲ್ಲಿಯ ಸಂಪರ್ಕವೂ ಸಿಗುವುದಿಲ್ಲ. ಹಾಗಾಗಿ ಯಾರೂ ಅದನ್ನು ಓದುವುದಿಲ್ಲ. ಶೀಟುಗಳು ಅಖಂಡವಾಗಿದ್ದರೆ ಹತ್ತು ದಿನದ ಕೆಲಸ. ಒಡೆದಿದ್ದರೆ ಅದರ ಪುಡಿ ಉಸಿರಿಗೆ ವಿಷ, ಕಡತವೇ ಬೇರೆ. ಆ ದಿನವೇ ಮಾಳಿಗೆಗೆ ಬೀಗಮುದ್ರೆ, ಗಾಳಿಯ ಪರೀಕ್ಷೆ, ಹೊಸ ಯೋಜನೆ. ಚಳಿಗಾಲವೆಲ್ಲ ಅದರಲ್ಲೇ ಕಳೆಯುತ್ತದೆ.

ಎರಡು ಶೀಟು ಒಡೆದಿದ್ದವು. ಈಸ್ಟರ್ ವಾರದಲ್ಲಿ ಥ್ರಾಸೋಸ್ ಮಾಮ ಡಿಶ್ ಆಂಟೆನಾ ನಿಲ್ಲಿಸಲು ಹೋಗಿ ಕಾಲಿಟ್ಟಿದ್ದರು. ತೂತಿಗೆ ಪ್ಲಾಸ್ಟಿಕ್ ಚೀಲ ತುರುಕಿ ಟೇಪು ಸುತ್ತಿ, “ಈಗ ಹೊಸದಕ್ಕಿಂತ ಗಟ್ಟಿ,” ಎಂದಿದ್ದರು. ಹೊಣೆಪತ್ರ ಬರೆಯುವ ದಿನವೂ ಪಕ್ಕದಲ್ಲಿ ನಿಂತಿದ್ದರು.

“ಅಖಂಡ ಅಂತ ಬರಿ. ಇಪ್ಪತ್ತೆರಡರಲ್ಲಿ ಎರಡು ಯಾವ ಲೆಕ್ಕ? ಎರಡು ಹಲ್ಲು ಬಿದ್ದೋನ್ನ ಬೊಕ್ಕಬಾಯಿ ಅಂತಾರೇನೆ?”

ಬರೆದೆ.

ಆಮೇಲೆ ಮಾಳಿಗೆ ಹತ್ತಿದಾಗಲೆಲ್ಲ ಎವಾಂಥಿಯಾ ಅಜ್ಜಿ ಅಲ್ಲಿರುತ್ತಿದ್ದರು. ಮೇಲಂತಸ್ತಿನಲ್ಲಿ ಒಬ್ಬರೇ ಇರುವವರು. ಬಟ್ಟೆ ಒಗೆಯುವುದೇ ಅವರ ದಿನಚರಿ. ಸರಿಯಾಗಿ ಆ ಟೇಪಿನ ಕೆಳಗೇ ಅವರ ಹಗ್ಗ. ದಿಂಬಿನ ಚೀಲವನ್ನು ಎರಡು ಕೈಯಲ್ಲಿ ಹಿಡಿದು ಪಟಪಟನೆ ಒದರುತ್ತಿದ್ದರು. ಬಿಸಿಲಕೋಲಿನಲ್ಲಿ ಏನೋ ಹೊಳೆಯುತ್ತ ಏಳುತ್ತಿತ್ತು.

“ಅಜ್ಜಿ, ಬಟ್ಟೆ ಬಾಲ್ಕನಿಯಲ್ಲಿ ಹಾಕಬಹುದಲ್ಲಾ,” ಎಂದೆ ಒಮ್ಮೆ, ಗೋಡೆಗೆ ಹೇಳುವ ಹಾಗೆ. “ಈ ಅಮೀಯಂತೋಸ್ ಒಳ್ಳೇದಲ್ಲವಂತೆ.”

“ಯಾರೇ ಹೇಳಿದ್ದು? ಚರ್ಚಿಗೆ ಹೋಗಿದ್ರೆ ಗೊತ್ತಾಗ್ತಿತ್ತು. ಅಮೀಯಂತೋಸ್ ಅಂದ್ರೆ ಕಳಂಕ ಇಲ್ಲದ್ದು. ಪಾದ್ರಿ ಕ್ರಿಸ್ತನಿಗೆ ಹೇಳೋ ಮಾತು ಅದು. ಕ್ರಿಸ್ತನ ಹೆಸರಿರೋ ಸೂರು ಕೆಟ್ಟದ್ದು ಮಾಡತ್ತಾ?”

ಪದ ಒಂದೇ, ಸುಳ್ಳೇನಲ್ಲ. ಬೆಂಕಿಗೆ ಹಾಕಿದರೂ ಮಸಿ ಹಿಡಿಯುವುದಿಲ್ಲವೆಂದು ಹಿಂದಿನವರು ಆ ಕಲ್ಲಿಗೆ ಈ ಹೆಸರಿಟ್ಟರು ಎಂದು ನಾನು ಪರೀಕ್ಷೆಯಲ್ಲೇ ಬರೆದಿದ್ದೆ. ಅಜ್ಜಿಗೆ ಹೇಗೆ ಬಿಡಿಸಿ ಹೇಳುವುದು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಅಷ್ಟರಲ್ಲಿ ಅವರು ಹಗ್ಗದ ಮೇಲಿನ ಬೂದುಬಣ್ಣದ ಪುಡಿಯನ್ನು ಸೆರಗಂಚಿನಂತೆ ಎತ್ತಿಕೊಂಡ ಏಪ್ರನ್ನಿನ ತುದಿಯಿಂದ ಒರೆಸಿ, ಅದರಲ್ಲೇ ಬಾಯಿಯನ್ನೂ ಒರೆಸಿಕೊಂಡರು.

ಆ ರಾತ್ರಿ ಲೆಕ್ಕ ಹಾಕಿದೆ. ನಿಜ ಹೇಳಿದರೆ ಮಾಳಿಗೆ ಮುಚ್ಚುತ್ತದೆ, ಶೀಟು ವಸಂತದವರೆಗೆ ಅಲ್ಲೇ ಇರುತ್ತವೆ, ಇಡೀ ಕಟ್ಟಡ ನನಗೆ ಉಗಿಯುತ್ತದೆ. ಹೇಳದಿದ್ದರೆ ಅಜ್ಜಿ ಒದರುತ್ತಲೇ ಇರುತ್ತಾರೆ, ಕೆಲಸದವರು ಅಖಂಡವೆಂದು ನಂಬಿ ತೆಳ್ಳಗಿನ ಮುಖಗವಸಿನಲ್ಲಿ ಹತ್ತುತ್ತಾರೆ. ಹತ್ತು ದಿನ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಹತ್ತು ದಿನ ಏಳು ವಾರವಾಯಿತು. ಪರವಾನಗಿ ಕಚೇರಿಯವರು ಮೊದಲ ಸಲ ಅರ್ಜಿ ಹಿಂತಿರುಗಿಸಿದಾಗ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಇರಲಿಲ್ಲ. ಎರಡನೇ ಸಲ ಅಜ್ಜಿಯ ಹೆಸರಿನ ಒಂದು ಅಕ್ಷರ ಕ್ರಯಪತ್ರದಲ್ಲಿ ಬೇರೆಯಿತ್ತು. ಮೂರನೇ ಸಲ, ಮೇಲಂತಸ್ತಿನ ಮಾಲೀಕರು ಖುದ್ದಾಗಿ ಬಂದು ಹೊಣೆಪತ್ರದ ಕೆಳಗೆ ಒಪ್ಪಿಗೆಯ ಸಹಿ ಹಾಕಬೇಕು ಎಂದರು.

ಹಾಗಾಗಿ ಇವತ್ತು ಅಜ್ಜಿಯ ಕೈ ಹಿಡಿದುಕೊಂಡು ಕಚೇರಿಗೆ ಹೋದೆ. ನೀಲಿ ಕೋಟು ಹಾಕಿದ್ದರು, ಹಬ್ಬಕ್ಕೆ ಹಾಕುವಂಥದ್ದು. ಬಂದರಿನ ರಸ್ತೆಯಲ್ಲಿ ಎರಡು ಸಲ ನಿಂತು ಕೆಮ್ಮಿದರು. “ಸಮುದ್ರದ ಗಾಳಿ ಕಣೇ,” ಎಂದರು. ನಾನು ತಲೆಯಾಡಿಸಿದೆ.

ಕೌಂಟರಿನ ಗಾಜಿಗೆ ಸೊಂಟದ ಎತ್ತರದಲ್ಲಿ ಒಂದು ಕಿಂಡಿ ಇದೆ; ಮಾತಾಡಬೇಕೆಂದರೆ ಬಗ್ಗಲೇಬೇಕು. ಆಚೆ ಪಾಗೋನಾ ಎಂಬ ಗುಮಾಸ್ತೆ ಕುಳಿತಿದ್ದರು.

“ಮತ್ತೆ ನೀನೇನಾ? ಆ ಕುರ್ಚಿ ಮೇಲೆ ನಿನ್ನ ಹೆಸರು ಬರೆಸಿಬಿಡ್ಲಾ?” ಎಂದರು. ಕಾಗದಗಳನ್ನು ಒಂದೊಂದಾಗಿ ಮಗುಚಿದರು. ಬಾಣ ಇತ್ತು. ಅಕ್ಷರ ಸರಿಯಾಗಿತ್ತು. ಮೊಹರನ್ನು ಕೈಗೆತ್ತಿಕೊಂಡರು. ಅವರ ಕೈ ಅಲ್ಲೇ ನಿಂತಿತು.

“ಇದೇನಮ್ಮಾ, ಸಹಿಯಾ? ಸ್ಕ್ಯಾನ್‌ ಮಾಡಿದ್ರೆ ಕಾಣೋದೇ ಇಲ್ಲ. ತಗೋ, ಹೊಸ ಹಾಳೆ. ಅದನ್ನೇ ಬರೆದು ನನ್ನ ಕಣ್ಣೆದುರಿಗೆ ಸಹಿ ಹಾಕು. ದೊಡ್ಡದಾಗಿ.”

ಬಗ್ಗಿಕೊಂಡೇ ಬರೆಯತೊಡಗಿದೆ. ಅಜ್ಜಿ ನನ್ನ ಭುಜ ತಟ್ಟಿದರು.

“ಕನ್ನಡಕ ಬಿಟ್ಟು ಬಂದಿದೀನಿ. ಬರೀತಾ ಬರೀತಾ ಗಟ್ಟಿಯಾಗಿ ಓದೇ ಮಗಳೇ. ಯಾತಕ್ಕೆ ಸಹಿ ಹಾಕ್ತೀನಿ ಅಂತ ಗೊತ್ತಾಗ್ಲಿ.”

“ಸುಳ್ಳಾದರೆ ಶಿಕ್ಷೆಯೇನೆಂದು ಬಲ್ಲವಳಾಗಿ,” ಎಂದು ಓದಿದೆ.

“ಕೇಳ್ಸಲ್ಲ.”

“ನನ್ನ ಸ್ವಂತ ಹೊಣೆಯ ಮೇಲೆ ಘೋಷಿಸುತ್ತೇನೆ. ಮೇಲಿನ ಇಪ್ಪತ್ತೆರಡು ಶೀಟುಗಳೂ...”

ಪೆನ್ನು ನಿಂತಿತು. ಮುಂದಿನ ಪದ ಗೊತ್ತಿತ್ತು, ಹಿಂದೆ ಬರೆದೂ ಇದ್ದೆ. ಬಾಯಿಗೆ ಮಾತ್ರ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು.

“ಇಪ್ಪತ್ತೆರಡೂ ಏನೇ?” ಅಜ್ಜಿ ನನ್ನ ಬಾಯಿಯನ್ನೇ ನೋಡುತ್ತ ನಕ್ಕರು. “ಕಳಂಕ ಇಲ್ಲದವು ಅಂತ ಬರಿ.” ನಗು ಕೆಮ್ಮಿಗೆ ತಿರುಗಿತು. ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡರು.

ನಾನು ಪೆನ್ನು ಕೆಳಗಿಟ್ಟು ಕಿಂಡಿಯಿಂದ ಮೇಲಕ್ಕೆದ್ದು ನೆಟ್ಟಗೆ ನಿಂತೆ.

“ಎರಡು ಒಡೆದಿವೆ, ಅಜ್ಜಿ. ನಿಮ್ಮ ಹಗ್ಗದ ಮೇಲೇ. ಮಾಮ ಆಂಟೆನಾ ನಿಲ್ಲಿಸೋಕೆ ಹತ್ತಿದ ದಿನ ಏಣಿ ಹಿಡ್ಕೊಂಡಿದ್ದೋಳು ನಾನೇ.”