ಎಲ್ಲಿಗೂ ಹೋಗದ ನಡಿಗೆ

ನನ್ನ ಗಂಡ ಭಾವುಸಾಹೇಬರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು ತೊಂಬತ್ತೊಂದರ ಮಳೆಗಾಲದಲ್ಲಿ. ಅದೂ ಅವರು ಚಾತುರ್ಮಾಸದ ವ್ರತ ಹಿಡಿದ ಮರುವಾರ. ಮುನಿ ಮಹಾರಾಜರ ಎದುರು ಕೈಮುಗಿದು, ಮಳೆಗಾಲ ಮುಗಿಯುವವರೆಗೆ ಮನೆ ಮತ್ತು ಬಸದಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ನೇಮ ತೆಗೆದುಕೊಂಡಿದ್ದರು. ಮಳೆಗೆ ನೆಲದ ತುಂಬ ಹುಳಹುಪ್ಪಡಿ ಎದ್ದಿರುತ್ತವೆ, ಕಾಲಿಗೆ ಸಿಕ್ಕು ಸಾಯಬಾರದು ಎಂಬುದು ನಮ್ಮ ಜೈನರ ಹಳೆಯ ನಡಾವಳಿ. ಮನೆಗೇ ಬಂದು ನೋಡಿದ ಡಾಕ್ಟರು, ದಿನಾ ಒಂದು ತಾಸು ನಡೆಯದಿದ್ದರೆ ಕಾಲಿಗೇ ಕುತ್ತು ಎಂದರು. ನನ್ನ ಅಪ್ಪನ ಕಾಲನ್ನು ಇದೇ ರೋಗಕ್ಕೆ ಕಡಿದಿದ್ದರು. ಅತ್ತ ದರಿ, ಇತ್ತ ಪುಲಿ.

"ಅಂಗಳದಾಗ ಸುತ್ತ ಹೊಡೀರಿ," ಅಂದೆ.

"ಅಂಗಳದಾಗ ಇರುವಿ ಇಲ್ಲೇನು?"

"ಪಡಸಾಲ್ಯಾಗ?"

"ಕೆಲಸ ಯಾರ ಮಾಡವ್ರು?"

ಚಿಕ್ಕೋಡಿ ಕೋರ್ಟಿನ ವಕೀಲರು ಕಳಿಸುವ ಕಾಗದಗಳನ್ನು ಮನೆಯಲ್ಲೇ ಟೈಪು ಮಾಡುವುದು ಅವರ ಕೆಲಸ. ಇನ್ನು ನಮ್ಮ ಪಡಸಾಲೆಯೋ, ನಡೆಯಲು ಶುರು ಮಾಡುವ ಮೊದಲೇ ಗೋಡೆ ಬರುತ್ತದೆ.

ಮೂರನೆಯ ದಿನ ಅವರು ಓಣಿಯಲ್ಲಿ ಎಂಜಿನ್ನು ರಿಪೇರಿ ಮಾಡುವ ವಿಠೋಬಾನನ್ನು ಕರೆಸಿದರು.

"ವಿಠೋಬಾ, ನಡದ್ರೂ ಮುಂದ ಹೋಗಬಾರದು. ಅಂಥಾದೊಂದು ಮಾಡಿಕೊಡು."

ವಿಠೋಬಾ ನನ್ನ ಮುಖ ನೋಡಿದ. ನಾನು ಜಂತಿ ನೋಡಿದೆ.

"ಅಣ್ಣಾರ, ಮುಂದ ಹೋಗೂದು ಬ್ಯಾಡ ಅಂದ್ರ ನಡಿಯೂದ್ಯಾಕ್ರಿ?"

"ಡಾಕ್ಟರು ನಡಿ ಅಂದಾರ. ಹೋಗು ಅಂದಿಲ್ಲ."

ವಿಠೋಬಾನಿಗೆ ಅದು ತಿಳಿಯಿತೋ ಇಲ್ಲವೋ, ಮಾಡಿದನಂತೂ ನಿಜ. ಹಿಟ್ಟಿನ ಗಿರಣಿಯ ಹಳೆಯ ಅಗಲ ಪಟ್ಟಾಗಳನ್ನು ತಂತಿಯಿಂದ ಜೋಡಿಸಿ ಎರಡು ಮರದ ಉರುಳೆಗಳಿಗೆ ಸುತ್ತಿದ. ಮುಂದಿನ ತುದಿ ತುಸು ಎತ್ತರ. ಹೆಜ್ಜೆ ಒತ್ತಿದರೆ ಪಟ್ಟಾ ಹಿಂದೆ ಸರಿಯುತ್ತದೆ, ಮನುಷ್ಯ ಇದ್ದಲ್ಲೇ ಇರುತ್ತಾನೆ. ಎದುರಿಗೆ ಎದೆಮಟ್ಟದ ಮೇಜು, ಅದರ ಮೇಲೆ ಟೈಪ್‌ರೈಟರ್. ನಮ್ಮವರು ದಿನಾ ಮೆತ್ತನೆಯ ಬಟ್ಟೆಯಿಂದ ಪಟ್ಟಾ ಒರೆಸಿ, ಇರುವೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬರಿಗಾಲಲ್ಲಿ ಹತ್ತುತ್ತಿದ್ದರು. ಮೊದಮೊದಲು ವಾದಿಯ ಹೆಸರು ಪ್ರತಿವಾದಿಯ ಸಾಲಿಗೆ ಹೋಗಿ ಬೀಳುತ್ತಿತ್ತು. ಆಮೇಲೆ ಕೈಗೂ ಕಾಲಿಗೂ ರಾಜಿಯಾಯಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಅಷ್ಟರಲ್ಲಿ ಬಂದರು ನಮ್ಮ ಭಾವ, ಇವರ ಅಣ್ಣ ಕಾಕಾಸಾಹೇಬರು. ನಿಂತ ನೀರು ಕಂಡರೆ ಕಲ್ಲು ಹಾಕದೆ ಬಿಡುವವರಲ್ಲ ಅವರು. ತಮ್ಮನು ನಡೆಯುವುದನ್ನು ಬಹಳ ಹೊತ್ತು ನೋಡಿದರು.

"ಭಾವು, ದಿನಾ ತಾಸಗಟ್ಟಲೆ ನಡೀತಿ. ಇಷ್ಟರಾಗ ನಿಪ್ಪಾಣಿ ದಾಟಿರತಿ. ವ್ರತ ಉಳೀತೇನು?"

"ಇಲ್ಲೇ ಅದೀನಲ್ಲಪ್ಪಾ ಅಣ್ಣಾ."

"ನೀ ಇಲ್ಲೇ ಅದಿ. ನಿನ್ನ ಹೆಜ್ಜಿ ಎಲ್ಲಿ ಹೋದ್ವು?"

ನಮ್ಮವರು ಪಟ್ಟಾದ ಮೇಲೆ ನಿಂತುಬಿಟ್ಟರು. ಮುಂದೆ ನೋಡಿದರು, ಹಿಂದೆ ನೋಡಿದರು. ನನಗೂ ತಲೆ ಗಿರ್ರೆಂದಿತು. ಅವರು ಇಳಿದವರು ಮತ್ತೆ ಹತ್ತಲು ಒಲ್ಲೆ ಎಂದರು. ಸಿಟ್ಟು ತಡೆಯದೆ ಬಸದಿಗೆ ಹೋಗಿ ಮಹಾರಾಜರಿಗೇ ಕೇಳಿದೆ. ಅಂದು ಅವರಿಗೆ ಮೌನವ್ರತ. ಎಲ್ಲವನ್ನೂ ಕೇಳಿಸಿಕೊಂಡು, ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

"ನಡೀರಿ. ಮಹಾರಾಜರು ಆಶೀರ್ವಾದ ಮಾಡ್ಯಾರ," ಎಂದೆ ಮನೆಗೆ ಬಂದು.

"ಯಾವುದಕ್ಕ?"

ನನಗೇನು ಗೊತ್ತು? "ಕಾಲಿಗೆ," ಅಂದೆ.

ಅರ್ಧ ಮನಸ್ಸಿನಿಂದ ಹತ್ತಿದರು. ಒಂದು ಮುಂಜಾನೆ ಚಹಾ ತಂದಾಗ ಟೈಪಿನ ಟಕಟಕ ಎಂದಿನಂತೆ ನಡೆದಿತ್ತು. ಪಟ್ಟಾದ ಮೇಲೆ ಕೆಂಪು ಕಲೆಯೊಂದು ಹಿಂದೆ ಹೋಯಿತು, ಕೆಳಗಿಳಿಯಿತು, ಮತ್ತೆ ಮುಂದಿನಿಂದ ಬಂತು. ಪಟ್ಟಾ ಜೋಡಿಸಿದ ತಂತಿಯ ತುದಿ ಮೇಲೆದ್ದಿತ್ತು. ಚಹಾ ಅಲ್ಲೇ ಬಿಟ್ಟು ಕೂತು ಅವರ ಪಾದ ಹಿಡಿದುಕೊಂಡೆ. ಅಂಗಾಲು ಉದ್ದಕ್ಕೆ ಹರಿದಿತ್ತು.

"ನಿಲ್ಲರಿ."

ಅವರು ನಿಂತರು. ಕಾಗದದಿಂದ ಕಣ್ಣೆತ್ತದೆ ಕೇಳಿದರು: "ಯಾವ ಕಾಲ ಹಿಡದಿ?"

ನನ್ನ ಅಪ್ಪನ ಕಾಲೂ ಮೊದಲು ಹೀಗೇ ಸ್ಪರ್ಶ ಕಳೆದುಕೊಂಡಿತ್ತು. "ಎಡಗಾಲ್ರಿ."

ಆಗ ಬಗ್ಗಿ ನೋಡಿದರು. "ನಾ ಇರುವಿ ಅಷ್ಟ ನೋಡಿ ಹತ್ತಿದ್ದೆ," ಎಂದರು.

ವಿಠೋಬಾ ಮಿರಜಿನ ಆಸ್ಪತ್ರೆಗೆಂದು ಜೀಪು ತಂದ. ಹೊಸ್ತಿಲಲ್ಲಿ ಇವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ವ್ರತ ಐತಲ್ಲ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ನೀವು ಹೋಗಬ್ಯಾಡ್ರಿ. ನಿಮ್ಮನ್ನ ನಾವು ಒಯ್ಯಾಕತ್ತೇವಿ. ಇದು ಹೋಗೂದೋ ಅಲ್ಲೋ, ಜೀಪಿನ್ಯಾಗ ಕುಂತ ವಿಚಾರ ಮಾಡ್ರಿ."

ವಿಠೋಬಾ ಮತ್ತು ನಾನು ಎತ್ತಿಕೊಂಡೇ ಹೋಗಿ ಕೂರಿಸಿದೆವು. ದಾರಿಯುದ್ದಕ್ಕೂ ಅವರು ನಿಜವಾಗಿಯೂ ವಿಚಾರ ಮಾಡಿದರು. ಕೃಷ್ಣಾ ಹೊಳೆಯ ಸೇತುವೆ ಮೇಲೆ ಬಾಯಿ ಬಿಟ್ಟರು.

"ಎಷ್ಟ ವಿಚಾರ ಮಾಡಿದ್ರೂ, ಇದು ಹೋಗೂದ ಐತಿ."

ಇನ್ನು ಜೀಪು ತಿರುಗಿಸು ಅನ್ನುತ್ತಾರೆಂದುಕೊಂಡೆ. ಅವರು ಹೊಳೆಯ ನೀರು ನೋಡಿದರು. ಬಟ್ಟೆ ಸುತ್ತಿದ ಕಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ತೊಡೆಯ ಮೇಲೆ ಇಟ್ಟು, "ಗಟ್ಟಿ ಹಿಡಿ," ಎಂದರು. "ನನಗ ಗೊತ್ತಾಗಾಂಗಿಲ್ಲ."